ನಾಯಿಗೆ ಹುಳುವಿನ ಮಾತ್ರೆ ಎರಡು ಸಲ ಹೋಯಿತೇ? ಉಪ್ಪುನೀರು ಕುಡಿಸುವ ಮೊದಲು ಪೊಟ್ಟಣ ನೋಡಿ

ತಿಂಗಳಿಗೆ ಒಂದೇ ಸಲ ಕೊಡಬೇಕಾದ ಹುಳುವಿನ ಮಾತ್ರೆ ಮನೆಯ ನಾಯಿಗೆ ಒಂದೇ ದಿನ ಎರಡು ಸಲ ಹೋಗಿಬಿಡುವುದು ಅಪರೂಪದ ಸಂಗತಿಯೇನಲ್ಲ. ಹುಬ್ಬಳ್ಳಿಯ ವಿದ್ಯಾನಗರದ್ದೋ ಧಾರವಾಡದ ಸಪ್ತಾಪುರದ್ದೋ ಒಂದು ಮನೆ ಅಂದುಕೊಳ್ಳಿ. ಬೆಳಿಗ್ಗೆ ಅವ್ವ ಚಪಾತಿ ತುಂಡಿನೊಳಗೆ ಮಾತ್ರೆ ಮುಚ್ಚಿಟ್ಟು ತಿನ್ನಿಸಿರುತ್ತಾರೆ. ಸಂಜೆ ಮಗ ಕೆಲಸ ಮುಗಿಸಿ ಚಿಗರಿ ಬಸ್ಸಿಳಿದು ಬಂದು, ಕ್ಯಾಲೆಂಡರಿನ ಗುರುತು ನೋಡಿ ಇನ್ನೊಂದು ತಿನ್ನಿಸುತ್ತಾನೆ. ‘ನಾ ಮುಂಜಾನೆನ ಕೊಟ್ಟೇನಲ್ಲೋ’ ಎಂದು ಅವ್ವ ಅಂದ ಕೂಡಲೇ ಎಲ್ಲರ ಕೈಗೂ ಮೊಬೈಲು ಬರುತ್ತದೆ.

ಅಲ್ಲಿ ಸಿಗುವ ಸಲಹೆಗಳು ಎರಡು ಬಗೆ. ಒಂದು ಹೆದರಿಸುತ್ತದೆ: ತಕ್ಷಣ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ, ಹಾಲು ಕುಡಿಸಿ, ತುಪ್ಪ ನೆಕ್ಕಿಸಿ. ಇನ್ನೊಂದು ಧೈರ್ಯ ತುಂಬುತ್ತದೆ: ಐವರ್‌ಮೆಕ್ಟಿನ್ ಬಲು ಸುರಕ್ಷಿತ ಔಷಧ, ಎಷ್ಟು ಹೋದರೂ ಏನೂ ಆಗದು, ದುಬಾರಿ ಮಾತ್ರೆಯ ಬದಲು ದನಕ್ಕೆ ಹಾಕುವ ಇಂಜೆಕ್ಷನ್ನನ್ನೇ ನಾಯಿಗೂ ಹಾಕಬಹುದು. ಇವೆರಡರಲ್ಲಿ ನಾಯಿಯ ಜೀವಕ್ಕೆ ಹೆಚ್ಚು ಅಪಾಯ ಎರಡನೆಯದರಿಂದ. ಮೊದಲನೆಯದೂ ಕಡಿಮೆಯದಲ್ಲ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಹೃದಯ ಹುಳು ತಡೆಯಲೆಂದೇ ನಾಯಿಗಾಗಿ ತಯಾರಾದ ತಿಂಗಳ ಮಾತ್ರೆ ಒಂದರ ಬದಲು ಎರಡು ಹೋದರೆ, ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ಐವರ್‌ಮೆಕ್ಟಿನ್ ಮನುಷ್ಯರ ಮಾತ್ರೆಯಾಗಿಯೋ ದನದ ಇಂಜೆಕ್ಷನ್ನಾಗಿಯೋ ಹೋಗಿದ್ದರೆ ಲೆಕ್ಕವೇ ಬೇರೆ. ಔಷಧದ ಹೆಸರು ಒಂದೇ ಆದರೂ ಪ್ರಮಾಣದಲ್ಲಿ ನೂರು ಪಟ್ಟು ವ್ಯತ್ಯಾಸ ಇರಬಹುದು.

ಈ ಹುಳು ನಮ್ಮ ಕಡೆ ಇದೆಯೇ?

ಹೃದಯ ಹುಳು ಅಂದರೆ ಡೈರೊಫೈಲೇರಿಯಾ ಇಮಿಟಿಸ್ ಎಂಬ ದಾರದಂಥ ಹುಳು. ಸೊಳ್ಳೆ ಕಚ್ಚಿದಾಗ ಇದರ ಮರಿ ನಾಯಿಯ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿಂದ ಸುಮಾರು ಆರು ತಿಂಗಳಲ್ಲಿ ಬೆಳೆದು, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ನೆಲೆಸುತ್ತದೆ. ಬೆಳೆದ ಹೆಣ್ಣು ಹುಳು 30 ಸೆಂಟಿಮೀಟರಿನಷ್ಟು ಉದ್ದ ಆಗುತ್ತದೆ, ಐದರಿಂದ ಏಳು ವರ್ಷ ಬದುಕುತ್ತದೆ. ಭಾರತದಲ್ಲಿ ಇದು ಹೆಚ್ಚಾಗಿ ಕಂಡುಬಂದಿರುವುದು ಅಸ್ಸಾಂ, ಮಿಜೋರಾಂನಂಥ ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ಹೆಚ್ಚು ಕಾಣುವುದು ಇದರ ದಾಯಾದಿ ಡೈರೊಫೈಲೇರಿಯಾ ರೆಪೆನ್ಸ್. ಅದು ಹೃದಯಕ್ಕೆ ಹೋಗದೆ ಚರ್ಮದ ಕೆಳಗೇ ಉಳಿಯುತ್ತದೆ. ಸೊಳ್ಳೆಯ ಮೂಲಕ ಕೆಲವೊಮ್ಮೆ ಮನುಷ್ಯರಿಗೂ ದಾಟುತ್ತದೆ. ಕೇರಳ ಮತ್ತು ಕರಾವಳಿ ಕರ್ನಾಟಕದಲ್ಲಿ ಮನುಷ್ಯರ ಕಣ್ಣಿನಿಂದ ಜೀವಂತ ಹುಳು ಹೊರತೆಗೆದ ಸುದ್ದಿ ಆಗಾಗ ಓದುತ್ತೇವಲ್ಲ, ಅವುಗಳಲ್ಲಿ ಹಲವು ಇದೇ ಹುಳುವಿನವು.

ಹಾಗಾದರೆ ಹುಬ್ಬಳ್ಳಿ-ಧಾರವಾಡದ ನಾಯಿಗೆ ಈ ಮಾತ್ರೆ ಏಕೆ? ಈಗ ಬರುವ ಎಷ್ಟೋ ಅಗಿಯುವ ಮಾತ್ರೆಗಳಲ್ಲಿ ಉಣ್ಣಿ, ಚಿಗಟ, ಹೊಟ್ಟೆಯ ಜಂತು, ಹೃದಯ ಹುಳು ಎಲ್ಲದಕ್ಕೂ ಸೇರಿಸಿದ ಔಷಧ ಇರುತ್ತದೆ. ಇಲ್ಲಿನ ನಾಯಿಗಳಿಗೆ ನಿಜವಾದ ಕಾಟ ಉಣ್ಣಿಯದು, ಉಣ್ಣಿಯಿಂದ ಬರುವ ಜ್ವರದ್ದು, ಕಜ್ಜಿಯದು. ಅದಕ್ಕೆಂದೇ ಐವರ್‌ಮೆಕ್ಟಿನ್ ಬಳಕೆ ಹೆಚ್ಚು. ಆದ್ದರಿಂದ ನಮ್ಮಲ್ಲಿ ‘ಒಂದು ಡೋಸ್ ಹೆಚ್ಚಾಯಿತು’ ಎಂದು ಯಾರಾದರೂ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಯಾವುದರ ಡೋಸ್?

120 ಎಲ್ಲಿ, 12,000 ಎಲ್ಲಿ

ಹೃದಯ ಹುಳು ತಡೆಯಲು ಬೇಕಾದ ಐವರ್‌ಮೆಕ್ಟಿನ್ ತೀರಾ ಕಡಿಮೆ. ನಾಯಿಯ ಪ್ರತಿ ಕೆಜಿ ತೂಕಕ್ಕೆ ತಿಂಗಳಿಗೆ 6 ಮೈಕ್ರೊಗ್ರಾಂ ಸಾಕು. ಒಂದು ಮಿಲಿಗ್ರಾಂ ಅಂದರೆ 1,000 ಮೈಕ್ರೊಗ್ರಾಂ. 20 ಕೆಜಿ ತೂಗುವ ಒಂದು ಮುಧೋಳ ನಾಯಿಗೆ ಬೇಕಾದದ್ದು 120 ಮೈಕ್ರೊಗ್ರಾಂ, ಅಂದರೆ ಮಿಲಿಗ್ರಾಂನ ಎಂಟನೇ ಒಂದು ಪಾಲು. ಆ ತೂಕದ ನಾಯಿಗೆಂದು ಬರುವ ಮಾತ್ರೆಯಲ್ಲಿ ಸಾಮಾನ್ಯವಾಗಿ 136 ಮೈಕ್ರೊಗ್ರಾಂ ಇರುತ್ತದೆ. ಎರಡು ಮಾತ್ರೆ ಹೋದರೆ 272. ಕೆಜಿಗೆ 14 ಮೈಕ್ರೊಗ್ರಾಂ ಕೂಡ ಆಗಲಿಲ್ಲ.

ಇದು ಹೆಚ್ಚೇ? ಐವರ್‌ಮೆಕ್ಟಿನ್ ಅಂದರೆ ಅತಿ ಸೂಕ್ಷ್ಮವಾದ ತಳಿ ಕೋಲಿ. ಆ ತಳಿಯ ಸೂಕ್ಷ್ಮ ನಾಯಿಗಳಿಗೇ ಈ ತಿಂಗಳ ಮಾತ್ರೆಯ ಪ್ರಮಾಣದ ಹತ್ತು ಪಟ್ಟು, ಅಂದರೆ ಕೆಜಿಗೆ 60 ಮೈಕ್ರೊಗ್ರಾಂ ಕೊಟ್ಟು ನೋಡಿದಾಗಲೂ ವಿಷದ ಲಕ್ಷಣ ಕಾಣಲಿಲ್ಲ. ಬೀಗಲ್‌ನಂಥ ಸಾಮಾನ್ಯ ನಾಯಿಗಳು ಒಂದು ಸಲಕ್ಕೆ ಕೆಜಿಗೆ 2,000 ಮೈಕ್ರೊಗ್ರಾಂ ತನಕ ತಡೆದುಕೊಂಡಿವೆ. ಹಾಗಾಗಿ ಎರಡು ಮಾತ್ರೆಯ ಲೆಕ್ಕ ಅಪಾಯದ ಗೆರೆಯಿಂದ ಬಹಳ ದೂರ. ಮಾಂಸದ ವಾಸನೆ ಹಿಡಿದು ನಾಯಿಯೇ ಡಬ್ಬಿ ಕಚ್ಚಿ ಆರೂ ಮಾತ್ರೆ ನುಂಗಿತು ಅನ್ನಿ. ನಮ್ಮ 20 ಕೆಜಿ ನಾಯಿಗೆ ಆಗಲೂ ಕೆಜಿಗೆ 41 ಮೈಕ್ರೊಗ್ರಾಂ. ಆಗ ಡಾಕ್ಟರಿಗೆ ಫೋನ್ ಮಾಡಲೇಬೇಕು, ಆದರೆ ಮಾತ್ರೆಗಿಂತ ಅದರ ಜೊತೆ ನುಂಗಿದ ಪ್ಲಾಸ್ಟಿಕ್ ಹಾಳೆ ಕರುಳಿನಲ್ಲಿ ಸಿಕ್ಕಿಕೊಳ್ಳುವುದೇ ದೊಡ್ಡ ಚಿಂತೆ ಆಗಬಹುದು.

ಈಗ ಮನೆಯ ಔಷಧ ಡಬ್ಬಿಗೆ ಬರೋಣ. ಮನುಷ್ಯರ ಐವರ್‌ಮೆಕ್ಟಿನ್ ಮಾತ್ರೆ 12 ಮಿಲಿಗ್ರಾಂನದು ಸಿಗುತ್ತದೆ. ಈ ಹೆಸರು ಮನೆಮನೆಗೆ ಗೊತ್ತಾದದ್ದು ಕೋವಿಡ್ ಕಾಲದಲ್ಲಿ. 2021ರ ಏಪ್ರಿಲ್‌ನ ಕೇಂದ್ರದ ಮಾರ್ಗಸೂಚಿಯಲ್ಲಿ ಸೌಮ್ಯ ಲಕ್ಷಣದವರಿಗೆ ಇದನ್ನು ಸೂಚಿಸಲಾಗಿತ್ತು. ಉಪಯೋಗವಿದೆ ಎಂಬುದಕ್ಕೆ ಪುರಾವೆ ಸಾಲದೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೈಬಿಡಲಾಯಿತು. ಆದರೆ ಹೆಸರು ಜನರ ಬಾಯಲ್ಲಿ ಉಳಿಯಿತು. ಅಂಥ ಒಂದು ಮಾತ್ರೆ 12,000 ಮೈಕ್ರೊಗ್ರಾಂ. ನಮ್ಮ 20 ಕೆಜಿ ನಾಯಿಗೆ ಹೃದಯ ಹುಳು ತಡೆಯಲು ಬೇಕಾದ್ದರ ಸರಿಯಾಗಿ ನೂರು ಪಟ್ಟು. ಕೆಜಿಗೆ 600 ಮೈಕ್ರೊಗ್ರಾಂ ಆಯಿತು. 3 ಕೆಜಿಯ ಪೊಮೇರಿಯನ್ ಅದೇ ಮಾತ್ರೆ ನುಂಗಿದರೆ ಕೆಜಿಗೆ 4,000. ಬೀಗಲ್ ತಡೆದುಕೊಂಡ ಗೆರೆಯನ್ನೂ ಅದು ದಾಟಿಹೋಯಿತು.

ದನದ ಇಂಜೆಕ್ಷನ್ ಸಾಮಾನ್ಯವಾಗಿ ಶೇ 1ರದ್ದು. ಒಂದು ಮಿಲಿಯಲ್ಲಿ 10,000 ಮೈಕ್ರೊಗ್ರಾಂ. ಅದು 50 ಕೆಜಿ ತೂಕದ ದನಕ್ಕೆ ಒಂದು ಮಿಲಿ ಎಂಬ ಲೆಕ್ಕದಲ್ಲಿ ತಯಾರಾದದ್ದು. ಕಜ್ಜಿಗೆ ಪಶುವೈದ್ಯರು ನಾಯಿಗೂ ಇದನ್ನು ಬಳಸುವುದುಂಟು. ಆಗ ಕೆಜಿಗೆ 200 ಮೈಕ್ರೊಗ್ರಾಂನಂತೆ ಹಿಡಿದರೂ 20 ಕೆಜಿ ನಾಯಿಗೆ ಅವರು ಎಳೆಯುವುದು 0.4 ಮಿಲಿ ಮಾತ್ರ. 3 ಕೆಜಿ ನಾಯಿಗೆ 0.06 ಮಿಲಿ. ಮನೆಯಲ್ಲಿರುವ 2 ಮಿಲಿ ಸಿರಿಂಜಿನಲ್ಲಿ ಅಷ್ಟನ್ನು ಸರಿಯಾಗಿ ಅಳೆಯಲಿಕ್ಕೇ ಆಗದು. 0.4 ಎಂಬಲ್ಲಿ ಬಿಂದು ಮರೆತು 4 ಎಳೆದರೆ ಹತ್ತು ಪಟ್ಟು. ಇದನ್ನು ‘ಒಂದು ಡೋಸ್ ಹೆಚ್ಚಾಯಿತು’ ಎಂದು ಕರೆಯುವುದೇ ತಪ್ಪು. ಉಣ್ಣಿಗೆಂದು ಹಾಕಿಸುವವರಿಗೆ ಇನ್ನೊಂದು ಮಾತು: ಉಣ್ಣಿಗೆ ಐವರ್‌ಮೆಕ್ಟಿನ್ ಅಂಥ ಒಳ್ಳೆಯ ಔಷಧವೂ ಅಲ್ಲ, ಅದಕ್ಕೆಂದೇ ಬಂದಿರುವ ಹೊಸ ಮಾತ್ರೆಗಳು ಹೆಚ್ಚು ಕೆಲಸ ಮಾಡುತ್ತವೆ.

ಮನುಷ್ಯರಿಗೆ ಇಷ್ಟು ಕೊಟ್ಟರೂ ಏನೂ ಆಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. ಯಾದಗಿರಿಯಂಥ ಆನೆಕಾಲು ರೋಗದ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ನುಂಗಿಸುವ ಮೂರು ಔಷಧಗಳಲ್ಲಿ ಐವರ್‌ಮೆಕ್ಟಿನ್ ಒಂದು, ಅದರ ಪ್ರಮಾಣ ಕೆಜಿಗೆ ಸುಮಾರು 200 ಮೈಕ್ರೊಗ್ರಾಂ. ಜಪಾನಿನ ಸತೋಷಿ ಒಮುರಾ ಅಲ್ಲಿನ ಮಣ್ಣಿನಲ್ಲಿ ಹುಡುಕಿದ ಸೂಕ್ಷ್ಮಜೀವಿಯಿಂದ ಬಂದ ಈ ಔಷಧ ಆಫ್ರಿಕದಲ್ಲಿ ಲಕ್ಷಾಂತರ ಜನರ ಕಣ್ಣು ಉಳಿಸಿದೆ. ಅದಕ್ಕೇ 2015ರಲ್ಲಿ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ ನೊಬೆಲ್ ಬಂತು. ಒಳ್ಳೆಯ ಔಷಧ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮನುಷ್ಯರಲ್ಲಿ ಸಾಮಾನ್ಯವಾಗಿ ಇರುವ ಒಂದು ಕಾವಲು ಕೆಲವು ನಾಯಿಗಳಲ್ಲಿ ಇರುವುದಿಲ್ಲ.

ಮಿದುಳಿನ ಹೊಸ್ತಿಲ ಕಾವಲು

ಐವರ್‌ಮೆಕ್ಟಿನ್ ಹುಳುವಿನ ನರಗಳಲ್ಲಿರುವ ಒಂದು ಬಗೆಯ ಬಾಗಿಲನ್ನು ತೆರೆದಿಟ್ಟು ಅದನ್ನು ನಿಶ್ಚೇಷ್ಟಿತಗೊಳಿಸುತ್ತದೆ. ಆ ಬಾಗಿಲು ನಾಯಿಗೂ ಇಲ್ಲ, ನಮಗೂ ಇಲ್ಲ. ಅದನ್ನು ಹೋಲುವ ಬಾಗಿಲುಗಳು ಮಾತ್ರ ಮಿದುಳಿನೊಳಗಿವೆ. ಔಷಧ ಅಲ್ಲಿಗೆ ತಲುಪದಂತೆ ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಕೂತಿದೆ. ಒಳಗೆ ನುಸುಳಿದ ಔಷಧವನ್ನು ಹಿಡಿದು ಹಿಡಿದು ಹೊರಗೆ ಹಾಕುವುದೇ ಅದರ ಕೆಲಸ.

ಈ ಪಂಪನ್ನು ಕಟ್ಟುವ ಎಂಡಿಆರ್1 ಎಂಬ ಜೀನ್ ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಮುರಿದಿರುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಟ್ರಿನಾ ಮೀಲಿ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಗುರುತಿಸಿದರು. ಕೇವಲ ನಾಲ್ಕು ಅಕ್ಷರ ಕಾಣೆಯಾದಂತೆ ಡಿಎನ್‌ಎಯಲ್ಲಿ ಒಂದು ಸಣ್ಣ ಕೊರತೆ, ಅಷ್ಟೇ. ಅಲ್ಲಿನ ಕೋಲಿಗಳಲ್ಲಿ ಶೇ 70ರಷ್ಟರಲ್ಲಿ ಈ ದೋಷದ ಒಂದು ಪ್ರತಿಯಾದರೂ ಇದೆ. ಆಸ್ಟ್ರೇಲಿಯನ್ ಶೆಫರ್ಡ್, ಶೆಟ್ಲೆಂಡ್ ಶೀಪ್‌ಡಾಗ್, ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್, ಉದ್ದ ಕೂದಲಿನ ವಿಪೆಟ್, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ ಇದೆ. ನಮ್ಮ ಊರಿನಲ್ಲಿ ಕೋಲಿ ಕಡಿಮೆ ಇರಬಹುದು, ಜರ್ಮನ್ ಶೆಫರ್ಡ್ ಕಡಿಮೆಯಿಲ್ಲ. ಮಿಶ್ರ ತಳಿಗೂ ಇದು ವಂಶದಿಂದ ಇಳಿದು ಬರಬಹುದು, ಮೈ ನೋಡಿ ಹೇಳಲಾಗದು. ಎರಡೂ ಪ್ರತಿ ಮುರಿದ ನಾಯಿಗೆ ಕೆಜಿಗೆ 100ರಿಂದ 200 ಮೈಕ್ರೊಗ್ರಾಂ ಹೋದರೂ ಪ್ರಾಣಕ್ಕೆ ಕುತ್ತು. ದನಕ್ಕೆ ಹಾಕುವ ಲೆಕ್ಕ ಕೆಜಿಗೆ 200 ಎಂಬುದು ನೆನಪಿರಲಿ. ಇಂಥ ತಳಿಯ ನಾಯಿಗಳು, ಔಷಧ ಕೊಟ್ಟ ಕುದುರೆಯ ಲದ್ದಿ ತಿಂದೇ ವಿಷವೇರಿದ ಪ್ರಕರಣಗಳಿವೆ.

ಮುರಿಯದ ಪಂಪನ್ನೂ ಕೆಲವು ಔಷಧಗಳು ತಡೆಯುತ್ತವೆ. ಚರ್ಮದ ಶಿಲೀಂಧ್ರಕ್ಕೆ ಕೊಡುವ ಕೀಟೊಕೊನಜೋಲ್ ಅಂಥದ್ದು. ಚರ್ಮದ ತೊಂದರೆಯಿರುವ ನಾಯಿಗೆ ಒಬ್ಬರು ಕಜ್ಜಿ ಎಂದು ಐವರ್‌ಮೆಕ್ಟಿನ್ ಬರೆದು, ಇನ್ನೊಬ್ಬರು ಹುಳುಕಡ್ಡಿ ಎಂದು ಕೀಟೊಕೊನಜೋಲ್ ಬರೆದಿದ್ದರೆ, ಎರಡೂ ಚೀಟಿ ಒಬ್ಬರೇ ಡಾಕ್ಟರ ಮುಂದೆ ಇಡುವುದು ಒಳ್ಳೆಯದು.

ಉಪ್ಪು, ಹಾಲು, ತುಪ್ಪ, ಪೆರಾಕ್ಸೈಡ್

ಉಪ್ಪುನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾಯಿಗೆ ಕೆಜಿಗೆ 2 ಗ್ರಾಂ ಉಪ್ಪು ಒಂದೇ ಸಲ ಹೋದರೆ ವಿಷದ ಲಕ್ಷಣ ಶುರು ಆಗಬಹುದು, 4 ಗ್ರಾಂ ಪ್ರಾಣ ತೆಗೆಯಬಹುದು. ಒಂದು ದೊಡ್ಡ ಚಮಚದಲ್ಲಿ 17-18 ಗ್ರಾಂ ಉಪ್ಪು ಹಿಡಿಯುತ್ತದೆ. 5 ಕೆಜಿ ನಾಯಿಗೆ 10 ಗ್ರಾಂ ಸಾಕು ಅಪಾಯಕ್ಕೆ. ವಾಂತಿ ಆಗದಿದ್ದರೆ ಜನ ಇನ್ನೊಂದು ಚಮಚ ಹಾಕುತ್ತಾರೆ. ರಕ್ತದಲ್ಲಿ ಸೋಡಿಯಂ ಏರಿ, ನಡುಕ ಬಂದು, ಫಿಟ್ಸ್ ಬಂದು ನಾಯಿ ಬೀಳುತ್ತದೆ. ನೋಡಿದವರು ಮಾತ್ರೆಯಿಂದಲೇ ಹೀಗಾಯಿತು ಅನ್ನುತ್ತಾರೆ. ಎರಡನೇ ಮಾತ್ರೆಯಿಂದ ಏನೂ ಆಗದೆ ಉಳಿಯಬಹುದಾಗಿದ್ದ ನಾಯಿ ಉಪ್ಪಿನಿಂದ ಸತ್ತರೆ ಅದಕ್ಕಿಂತ ಸಂಕಟದ ಸಂಗತಿ ಇನ್ನೇನಿದೆ?

ಹಾಲು ವಿಷ ಮುರಿಯುತ್ತದೆ ಎಂಬುದು ನಮ್ಮ ಹಳೆಯ ನಂಬಿಕೆ. ಐವರ್‌ಮೆಕ್ಟಿನ್ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ. ಈ ಔಷಧ ಕರಗುವುದು ಕೊಬ್ಬಿನಲ್ಲಿ. ಮನುಷ್ಯರಲ್ಲಿ ಕೊಬ್ಬಿನ ಊಟದ ಜೊತೆ ತೆಗೆದುಕೊಂಡಾಗ ಖಾಲಿ ಹೊಟ್ಟೆಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ರಕ್ತಕ್ಕೆ ಸೇರುವುದು ಕಂಡುಬಂದಿದೆ. ತುಪ್ಪ ನೆಕ್ಕಿಸಿದರೆ ಹೊಟ್ಟೆಯಲ್ಲಿರುವ ಔಷಧಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಇನ್ನು ಹಾಲು ಎಷ್ಟೋ ದೊಡ್ಡ ನಾಯಿಗಳಿಗೆ ಜೀರ್ಣವಾಗುವುದಿಲ್ಲ. ಭೇದಿ ಶುರುವಾದರೆ ಅದು ಹಾಲಿನದೋ ಮಾತ್ರೆಯದೋ ಡಾಕ್ಟರಿಗೂ ಗೊತ್ತಾಗದು.

ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎಂಬ ಸಲಹೆ ಅಮೆರಿಕದ ವಿಡಿಯೊಗಳಿಂದ ಬಂದದ್ದು. ಅವರು ಹೇಳುವುದು ಶೇ 3ರದ್ದನ್ನು. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ ಶೇ 6ರ ಆಸುಪಾಸಿನದು. ಶೇ 3ರದ್ದೇ ನಾಯಿಯ ಜಠರದಲ್ಲಿ ಹುಣ್ಣು ಮಾಡಿದ್ದು ದಾಖಲಾಗಿದೆ. ಈಗಾಗಲೇ ತೂರಾಡುತ್ತಿರುವ ನಾಯಿಗೆ ವಾಂತಿ ಮಾಡಿಸುವುದಂತೂ ಯಾವ ವಿಧಾನದಲ್ಲೂ ಬೇಡ. ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಪೊಟ್ಟಣ ಹುಡುಕಿ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅಥವಾ ಮೈಕ್ರೊಗ್ರಾಂ ಎಂಬುದು ಕಾಣುವಂತೆ ಎರಡೂ ಬದಿಯ ಫೋಟೊ ತೆಗೆಯಿರಿ. ನಾಯಿಯ ತೂಕ ಗೊತ್ತಿಲ್ಲದಿದ್ದರೆ, ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ತಳಿ, ವಯಸ್ಸು, ಎಷ್ಟು ಗಂಟೆಗೆ ಹೋಯಿತು, ಬೇರೆ ಯಾವ ಔಷಧ ನಡೆದಿದೆ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಸೇರಿಸಿ ನಿಮ್ಮ ಪಶುವೈದ್ಯರಿಗೆ ಕಳಿಸಿ, ಫೋನ್ ಮಾಡಿ. ವಾಟ್ಸ್‌ಆ್ಯಪ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಅವರು ಸಿಗದಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೆ ಕರೆ ಮಾಡಿ ಕೇಳಬಹುದು, ಹತ್ತಿರದ ದನದ ದವಾಖಾನೆಗೆ ಹೋಗಬಹುದು. ದನದ ದವಾಖಾನೆ ಎಂದು ಹೆಸರಾದರೂ ಅಲ್ಲಿ ನಾಯಿಯನ್ನೂ ನೋಡುತ್ತಾರೆ.

ತಿಂಗಳ ಮಾತ್ರೆ ಎರಡು ಹೋಗಿದ್ದಷ್ಟೇ ಆದರೆ ಡಾಕ್ಟರು ಬಹುಶಃ ಒಂದು ದಿನ ನೋಡಿಕೊಳ್ಳಿ ಅನ್ನುತ್ತಾರೆ. ಜೊತೆಗೆ ಜಂತಿನ ಔಷಧವೂ ಸೇರಿರುವ ಮಾತ್ರೆಯಾದರೆ ಒಂದೆರಡು ವಾಂತಿ, ತೆಳು ಭೇದಿ ಆಗಬಹುದು. ಉಣ್ಣಿಗೆ ಕೊಡುವ ಅಫೊಕ್ಸೊಲಾನರ್, ಫ್ಲುರಲಾನರ್, ಸರೊಲಾನರ್ ಗುಂಪಿನ ಮಾತ್ರೆಗಳಲ್ಲಿ ಒಂದು ಎಚ್ಚರಿಕೆ ಹೆಚ್ಚು: ಇವು ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಹೇಳಿದೆ. ಹಿಂದೆ ಫಿಟ್ಸ್ ಬಂದ ನಾಯಿಗೆ ಇದು ಎರಡು ಸಲ ಹೋಗಿದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಆರು ವಾರ ತುಂಬದ ಮರಿ, ಕಾಯಿಲೆಯ ನಾಯಿ, ಹೃದಯ ಹುಳು ಈಗಾಗಲೇ ಇರುವ ನಾಯಿ ಇವುಗಳಿಗೂ ಕಾದು ನೋಡುವ ಲೆಕ್ಕ ಬೇಡ. ರಕ್ತದಲ್ಲಿ ಹುಳುವಿನ ಮರಿಗಳು ತುಂಬಿದ್ದು ಒಮ್ಮೆಗೇ ಸತ್ತರೆ ಅದೇ ಆಘಾತ ತರಬಹುದು.

ಮನುಷ್ಯರ ಮಾತ್ರೆ ಅಥವಾ ದನದ ಇಂಜೆಕ್ಷನ್ ಆಗಿದ್ದರೆ ಲಕ್ಷಣಕ್ಕೆ ಕಾಯಬೇಡಿ, ಗಾಡಿ ತೆಗೆಯಿರಿ. ಕಣ್ಣಿನ ಪಾಪೆ ದೊಡ್ಡದಾಗುವುದು, ಜೊಲ್ಲು, ಹಿಂಗಾಲು ಎಳೆದು ತೂರಾಡುವುದು, ನಡುಕ, ಕಣ್ಣು ಕಾಣದೆ ಗೋಡೆಗೆ ಬಾಗಿಲಿಗೆ ಡಿಕ್ಕಿ ಹೊಡೆಯುವುದು, ಕರೆದರೂ ಏಳದಿರುವುದು – ಇವು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಬಾಯಿಯಿಂದ ಹೋಗಿದ್ದು ಮೊದಲ ಕೆಲವು ಗಂಟೆಯೊಳಗೆ ಡಾಕ್ಟರ ಕೈಗೆ ಸಿಕ್ಕರೆ ವಾಂತಿ ಮಾಡಿಸಿ, ಇದ್ದಿಲಿನ ಔಷಧ ಕೊಟ್ಟು ರಕ್ತಕ್ಕೆ ಸೇರುವುದನ್ನು ತಗ್ಗಿಸಬಹುದು. ಇಂಜೆಕ್ಷನ್ ಆಗಿದ್ದರೆ ವಾಂತಿಯಿಂದ ಪ್ರಯೋಜನವೇ ಇಲ್ಲ. ಐವರ್‌ಮೆಕ್ಟಿನ್‌ಗೆ ಪ್ರತಿವಿಷ ಎಂಬುದು ಇಲ್ಲ. ಸಲೈನ್ ಕೊಟ್ಟು, ಮೈ ಬೆಚ್ಚಗಿಟ್ಟು, ಮಗ್ಗುಲು ಬದಲಿಸುತ್ತ, ಉಸಿರು ನೋಡಿಕೊಳ್ಳುತ್ತ ಔಷಧ ತಾನಾಗಿ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ಕೆಲವೆಡೆ ರಕ್ತನಾಳಕ್ಕೆ ಕೊಬ್ಬಿನ ದ್ರಾವಣ ಹಾಕಿಯೂ ನೋಡುತ್ತಾರೆ. ಇದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು. ಕಣ್ಣು ಕಾಣದಾಗಿ, ಎಚ್ಚರ ತಪ್ಪಿ ಮಲಗಿದ ನಾಯಿಗಳೂ ಆರೈಕೆ ಸಿಕ್ಕರೆ ಎದ್ದು ಓಡಾಡಿವೆ. ಮೂರನೇ ದಿನ ಏಳಲಿಲ್ಲವೆಂದು ಕೈಚೆಲ್ಲಬೇಡಿ.

ಎರಡು ಮಾತ್ರೆ ಹೋದ ಮನೆಯವರು ಆಮೇಲೆ ಕೇಳುವ ಪ್ರಶ್ನೆ ಒಂದಿದೆ: ಮುಂದಿನ ತಿಂಗಳದ್ದು ಬಿಡಬಹುದೇ? ಬೇಡ. ಈ ಮಾತ್ರೆ ಮುಂದಿನ ತಿಂಗಳ ಸೊಳ್ಳೆಗೆ ಬೇಲಿ ಹಾಕುವುದಿಲ್ಲ, ಕಳೆದ ತಿಂಗಳು ಸೊಳ್ಳೆ ಬಿಟ್ಟುಹೋದ ಮರಿಹುಳುಗಳನ್ನು ಕೊಲ್ಲುತ್ತದೆ. ಎರಡು ನುಂಗಿದರೂ ಹಿಂದಿನ ತಿಂಗಳದ್ದೇ ಲೆಕ್ಕ ತೀರುವುದು. ಡಾಕ್ಟರು ಬೇರೆ ಹೇಳದಿದ್ದರೆ ಮುಂದಿನ ಮಾತ್ರೆ ಅದರ ತಾರೀಖಿಗೇ. ತಿನ್ನಿಸಿದ ಕೂಡಲೇ ಖಾಲಿ ಪೊಟ್ಟಣದ ಫೋಟೊ ತೆಗೆದು ಮನೆಯವರ ಗುಂಪಿಗೆ ಹಾಕಿ.